ಕೆಲಸ ಇದೆ, ಕುರ್ಚಿ ಇಲ್ಲ

ಅಡ್ಮಿಷನ್ ಕಾಲ ಬಂತೆಂದರೆ ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ಬೇರೆ ಬೇರೆ ನಂಬರಿನಿಂದ ಬರುತ್ತದೆ. "ಅಕ್ಕಾ, ಎಂಪಿಎಚ್ ಮಾಡಿದ್ರೆ ಕೆಲಸ ಸಿಗುತ್ತಾ?" ಎಂಪಿಎಚ್ ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಕೇಳುವವರಲ್ಲಿ ಹಲ್ಲಿನ ಡಾಕ್ಟರು, ಆಯುರ್ವೇದ ಓದಿದವರು, ನರ್ಸಿಂಗ್ ಮುಗಿಸಿದವರು, ಫಿಸಿಯೋಥೆರಪಿಯವರು, ಎಂಎಸ್‌ಡಬ್ಲ್ಯು ಮಾಡಿದವರು ಎಲ್ಲ ಇರುತ್ತಾರೆ. ಎಂಬಿಬಿಎಸ್ ಮಾಡಿದವರು ಅಪರೂಪ. ಅವರು ಕೇಳಿದರೂ ಬೇರೆ ತರಹ ಕೇಳುತ್ತಾರೆ: "ಎಂಪಿಎಚ್ ಮಾಡಿದ್ರೆ ಉಪಯೋಗ ಇದೆಯಾ?" ಕೆಲಸದ ಭಯ ಅವರಿಗಿಲ್ಲ. ಅರ್ಧ ಕಥೆ ಇಲ್ಲೇ ಇದೆ.

ನಾನೂ ಹಲ್ಲಿನ ಡಾಕ್ಟರಾಗಿಯೇ ಶುರು ಮಾಡಿದವಳು. ಕ್ಲಿನಿಕ್ ಬಿಟ್ಟು ಮತ್ತೆ ಓದಲು ಹೋಗುತ್ತೇನೆ ಅಂದಾಗ ಚಿಕ್ಕಮ್ಮ ಕೇಳಿದ್ದು, "ಎಂಡಿಎಸ್ ಸೀಟು ಸಿಗಲಿಲ್ವಾ?" ಅಂತ. ಸಾರ್ವಜನಿಕ ಆರೋಗ್ಯ ಅಂತ ಒಂದು ಓದು ಇದೆ ಎಂದರೆ ನಮ್ಮ ಕಡೆ ಜನರಿಗೆ ಥಟ್ಟನೆ ನೆನಪಾಗುವುದು ಗೋಡೆ ಮೇಲಿನ ಕೆಂಪು ತ್ರಿಕೋನ, ಪೋಲಿಯೊ ಹನಿ, ಇಲ್ಲವಾದರೆ ಫಾಗಿಂಗ್ ಹೊಗೆ. ಅದನ್ನು ಮಾಡಿಸುವವರು ಎಲ್ಲಿ ಓದಿ ಬರುತ್ತಾರೆ ಎಂದು ಯಾರೂ ಯೋಚಿಸುವುದಿಲ್ಲ. ಯೋಚಿಸಬೇಕಾದ ಅಗತ್ಯವೂ ಅವರಿಗಿಲ್ಲ, ಬಿಡಿ.

ಓದಲು ಜಾಗಕ್ಕೆ ಈಗ ಕೊರತೆಯಿಲ್ಲ. ಕೋಲ್ಕತ್ತಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರದ್ದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂಪಿಎಚ್ ಶುರುವಾಗಿದ್ದು 1997ರಲ್ಲಿ. ನಮ್ಮಲ್ಲೇ ಮಣಿಪಾಲ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ, ಬೆಂಗಳೂರಿನ ನಿಮ್ಹಾನ್ಸ್, ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇವೆ. ಎರಡು ವರ್ಷದ ಕೋರ್ಸು. ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಎಂದು ಹುಡುಕುವ ಶಾಸ್ತ್ರ), ಅಂಕಿಅಂಶ, ಆರೋಗ್ಯ ಇಲಾಖೆ ನಡೆಯುವ ರೀತಿ, ನೀರು, ನೈರ್ಮಲ್ಯ, ಪೌಷ್ಟಿಕತೆ, ಕೊನೆಗೊಂದು ಪ್ರಬಂಧ. ಓದುವಾಗ ಚೆನ್ನಾಗಿಯೇ ಇರುತ್ತದೆ. ತಲೆನೋವು ಶುರುವಾಗುವುದು ಸರ್ಟಿಫಿಕೇಟ್ ಕೈಗೆ ಬಂದ ಮೇಲೆ.

ಮೊದಲು ಜಿಲ್ಲೆಯ ಆರೋಗ್ಯ ಇಲಾಖೆ ಆಫೀಸಿಗೆ ಹೋಗಿ ಬಾಗಿಲ ಮೇಲಿನ ಬೋರ್ಡುಗಳನ್ನು ಓದಿ. ಜಿಲ್ಲಾ ಆರೋಗ್ಯಾಧಿಕಾರಿ, ತಾಯಿ-ಮಗುವಿನ ಆರೋಗ್ಯ ನೋಡಿಕೊಳ್ಳುವ ಆರ್‌ಸಿಎಚ್ ಅಧಿಕಾರಿ, ಸರ್ವೇಕ್ಷಣಾಧಿಕಾರಿ, ಕ್ಷಯರೋಗ ನಿಯಂತ್ರಣಾಧಿಕಾರಿ, ಕೆಳಗೆ ತಾಲೂಕಿಗೆ ಬಂದರೆ ತಾಲೂಕು ಆರೋಗ್ಯಾಧಿಕಾರಿ. ಇವರೆಲ್ಲ ಡಾಕ್ಟರುಗಳು. ಎಂಪಿಎಚ್ ಓದಿದವರೆಲ್ಲಿ? ಆ ರೂಮುಗಳ ಹೊರಗೆ, ಹಾಲ್‌ನಲ್ಲಿ, ಕಂಪ್ಯೂಟರ್ ಮುಂದೆ ಇರುತ್ತಾರೆ. ಜಿಲ್ಲಾ ಕಾರ್ಯಕ್ರಮ ನಿರ್ವಹಣೆ, ಎಪಿಡೆಮಿಯಾಲಜಿಸ್ಟ್, ಕನ್ಸಲ್ಟೆಂಟ್, ಕೋಆರ್ಡಿನೇಟರ್. ಹೆಚ್ಚುಕಡಿಮೆ ಎಲ್ಲವೂ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳು. 2005ರಲ್ಲಿ ಅಭಿಯಾನ ಬಂದ ಮೇಲೆಯೇ ಡಾಕ್ಟರಲ್ಲದವರಿಗೆ ಜಿಲ್ಲಾ ಮಟ್ಟದಲ್ಲಿ ಇಷ್ಟು ಜಾಗ ಸಿಕ್ಕಿದ್ದು. ಹಾಗಾಗಿ ಅದನ್ನು ಬೈಯುವುದಕ್ಕೂ ಬಾಯಿ ಬರುವುದಿಲ್ಲ.

ನಾನು ಸೇರಿದ್ದು ರೋಗ ಸರ್ವೇಕ್ಷಣಾ ಘಟಕಕ್ಕೆ. ಎಲ್ಲಿ ಯಾವ ಕಾಯಿಲೆ ಹೆಚ್ಚುತ್ತಿದೆ ಎಂದು ಕಣ್ಣಿಡಲು 2004ರಲ್ಲಿ ಶುರುವಾಗಿ ದೇಶದಾದ್ಯಂತ ಹರಡಿದ ಐಡಿಎಸ್‌ಪಿ ಕಾರ್ಯಕ್ರಮದ ಜಿಲ್ಲಾ ಆಫೀಸು ಅದು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯಿಂದ ಒಂದು ಫಾರಂ, ಡಾಕ್ಟರಿಂದ ಒಂದು, ಲ್ಯಾಬಿನಿಂದ ಒಂದು ಬರುತ್ತವೆ. ಈಗ ಎಲ್ಲ ಪೋರ್ಟಲ್‌ನಲ್ಲಿ. ಎಲ್ಲಿ ಜ್ವರ ಜಾಸ್ತಿಯಾಯಿತು, ಎಲ್ಲಿ ಬೇದಿ ಜಾಸ್ತಿಯಾಯಿತು ಎಂದು ನೋಡುತ್ತಾ ಕೂರಬೇಕು. ಬೇಜಾರಿನ ಕೆಲಸ. ಒಂದು ಫೋನ್ ಬರುವ ತನಕ.

ಅಂಥ ಒಂದು ಫೋನಿನ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಓದಿನ ಕೆಲಸ ನಿಜಕ್ಕೂ ಏನು ಎಂದು ಕೇಳಿದರೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಬಯಲುಸೀಮೆಯ ಒಂದು ಹಳ್ಳಿ. ಆಶಾ ಕಾರ್ಯಕರ್ತೆ ಬೆಳಿಗ್ಗೆಯೇ ಫೋನ್ ಮಾಡಿದರು, ರಾತ್ರಿಯಿಂದ ವಾಂತಿ-ಭೇದಿ, ಮನೆಗೆ ಒಬ್ಬಿಬ್ಬರಂತೆ ಮಲಗಿದ್ದಾರೆ ಅಂತ. ನಾವು ಜೀಪಿನಲ್ಲಿ ತಲುಪುವ ಹೊತ್ತಿಗೆ ಶಾಲೆಯಲ್ಲಿ ಕ್ಯಾಂಪ್ ಹಾಕಿಯಾಗಿತ್ತು. ಪಿಎಚ್‌ಸಿ ಡಾಕ್ಟರು ಬೆಂಚುಗಳನ್ನು ಜೋಡಿಸಿ, ಕಿಟಕಿ ಸರಳಿಗೆ ಗ್ಲೂಕೋಸ್ ಬಾಟಲಿ ಕಟ್ಟಿ ಡ್ರಿಪ್ ಹಾಕುತ್ತಿದ್ದರು. ಅವರ ಕೆಲಸ ಅವರಿಗೆ. ನಾನು ಒಂದು ಪುಸ್ತಕ, ಪೆನ್ನು ಹಿಡಿದು ಬೀದಿಗೆ ಇಳಿದೆ. ಹೆಸರು, ವಯಸ್ಸು, ಯಾವ ಮನೆ, ಎಷ್ಟು ಗಂಟೆಗೆ ಶುರುವಾಯಿತು, ನಿನ್ನೆ ಏನು ಊಟ, ನೀರು ಎಲ್ಲಿಂದ ತಂದಿರಿ. ಎಲ್ಲರೂ ಮೊದಲು ಹೇಳಿದ್ದು ಹಿಂದಿನ ದಿನದ ಗೃಹಪ್ರವೇಶದ ಊಟದ ಬಗ್ಗೆ. ಊರಿಗೆ ಊರೇ ಆ ಮನೆಯವರ ಮೇಲೆ ಕಣ್ಣು ಕೆಂಪು ಮಾಡಿಕೊಂಡಿತ್ತು.

ಪಟ್ಟಿ ಬೆಳೆಯುತ್ತಾ ಹೋದ ಹಾಗೆ ಊಟದ ಕಥೆ ಸರಿ ಕೂಡಲಿಲ್ಲ. ಊಟಕ್ಕೆ ಹೋಗದ ಅಜ್ಜಿಗೂ ಭೇದಿ. ಊಟ ಮಾಡಿ ಪಕ್ಕದೂರಿಗೆ ವಾಪಸ್ ಹೋದ ನೆಂಟರು ಚೆನ್ನಾಗಿದ್ದಾರೆ. ಪಟ್ಟಿಯ ಹಿಂದಿನ ಹಾಳೆಯಲ್ಲಿ ಬೀದಿಯ ಗೆರೆ ಎಳೆದು ಕಾಯಿಲೆ ಬಿದ್ದ ಮನೆಗಳಿಗೆ ಚುಕ್ಕೆ ಇಟ್ಟೆ. ಚುಕ್ಕೆಗಳೆಲ್ಲ ಒಂದೇ ಕೇರಿಯಲ್ಲಿ, ಗೇಟ್ ವಾಲ್ವ್ ಆಚೆ ಕಡೆ. ಅದೇ ಕೇರಿಯಲ್ಲಿ ಸ್ವಂತ ಬೋರ್ ಇದ್ದ ಮನೆಯವರು ಆರಾಮಾಗಿ ಜಗಲಿ ಮೇಲೆ ಕೂತಿದ್ದರು.

ನೀರಗಂಟಿಯನ್ನು ಹುಡುಕಿದೆವು. ಪಾಪ, ಹೆದರಿ ಹೋಗಿದ್ದ. ನಲ್ಲಿ ನೀರನ್ನು ಸಣ್ಣ ಟ್ಯೂಬಿಗೆ ಹಿಡಿದು ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದರೆ ಹಳದಿ ಬಣ್ಣ ಬರಬೇಕು. ಬರಲಿಲ್ಲ. ಎಚ್‌ಟೂಎಸ್ ಬಾಟಲಿಗೂ ನೀರು ತುಂಬಿಸಿಟ್ಟೆವು. ನೀರಿಗೆ ಮಲ ಸೇರಿದ್ದರೆ ಅದು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಆದರೆ ಕಾರಣವನ್ನು ಬಾಟಲಿಗಿಂತ ಮೊದಲು ನೀರಗಂಟಿಯೇ ಹೇಳಿದ. ಆ ಕೇರಿಯ ಪೈಪು ಮೋರಿ ಹತ್ತಿರ ಚರಂಡಿ ಒಳಗಿಂದಲೇ ಹಾದು ಹೋಗುತ್ತದೆ, ಜಾಯಿಂಟ್ ಸೋರುತ್ತದೆ. "ನೀರು ಬಿಟ್ಟಾಗ ಪೈಪು ತುಂಬಿರುತ್ತೆ ಮೇಡಂ, ಹೊರಗೆ ಚಿಮ್ಮುತ್ತೆ. ನಿಲ್ಲಿಸಿದ ಮೇಲೆ ಚರಂಡಿದನ್ನೇ ಒಳಗೆ ಎಳ್ಕೊಳ್ಳುತ್ತೆ." ನಾನು ಎರಡು ವರ್ಷ ಓದಿ ಕಲಿತಿದ್ದ ಮಾತನ್ನು ಅವನು ಎರಡೇ ವಾಕ್ಯದಲ್ಲಿ ಹೇಳಿದ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲೆಲ್ಲ ಈ ಅಪಾಯ ಇದ್ದೇ ಇದೆ.

ಹಾಗಾದರೆ ನಾನು ಮಾಡಿದ್ದೇನು? ಆ ಲೈನಿನ ನೀರು ಕುಡಿದವರು, ಕುಡಿಯದವರು. ಕಾಯಿಲೆ ಬಿದ್ದವರು, ಬೀಳದವರು. ನಾಲ್ಕು ಖಾನೆಯ ಒಂದು ಚೌಕ ಬರೆದು ಎಣಿಸಿ, ಕುಡಿದವರಲ್ಲಿ ಕಾಯಿಲೆ ಎಷ್ಟು ಪಟ್ಟು ಜಾಸ್ತಿ ಎಂದು ತೋರಿಸಿ ವರದಿ ಕೊಟ್ಟೆ. ನೀರಗಂಟಿ ಪೈಪಿನ ವಿಷಯವನ್ನು ಮೊದಲೂ ಹೇಳಿದ್ದನಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಲೆಕ್ಕ ಇರುವ ಕಾಗದ ಜಿಲ್ಲಾ ಪಂಚಾಯಿತಿ ಸಿಇಒ ಟೇಬಲ್ಲಿಗೆ ಹೋದ ಮೇಲೆ ಪಿಡಿಒ ಜೆಸಿಬಿ ತರಿಸಿದರು. ಗೃಹಪ್ರವೇಶದ ಮನೆಯವರೂ ಮತ್ತೆ ತಲೆ ಎತ್ತಿ ಓಡಾಡಿದರು. ಈ ಕೆಲಸದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಖುಷಿ ಇಂಥವು.

ಈಗ ಕಷ್ಟದ ಮಾತು. ಇಷ್ಟೆಲ್ಲ ಮಾಡುವ ಹುದ್ದೆ ವರ್ಷಕ್ಕೊಮ್ಮೆ ಮುಗಿಯುತ್ತದೆ. ಮಾರ್ಚ್ ಬಂತೆಂದರೆ ಹಾಲ್‌ನಲ್ಲಿ ಕೂತವರೆಲ್ಲರ ಬಾಯಲ್ಲೂ ಒಂದೇ ಮಾತು, ರಿನ್ಯೂವಲ್ ಆರ್ಡರ್ ಬಂತಾ? ಬರುತ್ತದೆ, ಸಾಮಾನ್ಯವಾಗಿ ಬರುತ್ತದೆ. ತಡವಾಗಿ ಬರುತ್ತದೆ. ಆ ನಡುವೆ ಸಂಬಳ ನಿಂತಿರುತ್ತದೆ. ಬ್ಯಾಂಕಿನವರು ಗುತ್ತಿಗೆ ನೌಕರಿ ಎಂದ ಕೂಡಲೇ ಹೋಮ್ ಲೋನ್ ಫಾರಂ ಪಕ್ಕಕ್ಕೆ ಇಡುತ್ತಾರೆ. ಬಡ್ತಿ ಎಂಬುದಿಲ್ಲ. ಹತ್ತು ವರ್ಷ ಅನುಭವ ಇರುವ ಕನ್ಸಲ್ಟೆಂಟ್‌ಗೆ ನಿನ್ನೆ ವರ್ಗವಾಗಿ ಬಂದ, ಈ ವಿಷಯ ಓದಿಯೇ ಇಲ್ಲದ ಸರ್ಜನ್ ಬಾಸ್ ಆಗಬಹುದು. ಒಳ್ಳೆಯ ಸರ್ಜನ್ ಆದರೆ ಬೇಗ ಕಲಿಯುತ್ತಾರೆ. ಕಲಿಯುವ ಹೊತ್ತಿಗೆ ಮತ್ತೆ ವರ್ಗ.

ಇದು ಹೀಗೇ ಇರಬೇಕಾಗಿಲ್ಲ. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಬೇರೆಯದೇ ನಿರ್ದೇಶನಾಲಯ ಬ್ರಿಟಿಷರ ಕಾಲದಿಂದ ಇದೆ. ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದಿದ್ದು 1939ರಲ್ಲಿ. ಆಗ ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಎಲ್ಲ ಮದ್ರಾಸಿಗೇ ಸೇರಿದ್ದವು ಅನ್ನುವುದು ಬೇರೆ ಮಾತು. ತಮಿಳುನಾಡಿನಲ್ಲಿ ಈ ವಿಷಯ ಓದಿದ ಡಾಕ್ಟರು ಇದೇ ದಾರಿಯಲ್ಲಿ ಮೇಲೆ ಹೋಗುತ್ತಾರೆ, ಆಸ್ಪತ್ರೆ ಕಡೆಯವರು ಆ ದಾರಿಯಲ್ಲಿ. ಎಲ್ಲ ರಾಜ್ಯಗಳಲ್ಲೂ ಇಂಥ ಕೇಡರ್, ಅಂದರೆ ಪ್ರತ್ಯೇಕ ನೌಕರವರ್ಗ, ಬರಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. 2022ರಲ್ಲಿ ಕೇಂದ್ರ ಅದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಆದರೆ ತಮಿಳುನಾಡಿನ ಆ ಕುರ್ಚಿಗಳು ಕೂಡ ಮುಖ್ಯವಾಗಿ ಎಂಬಿಬಿಎಸ್‌ನವರದ್ದೇ. ನಮ್ಮಂಥವರು ಅದನ್ನು ತೋರಿಸಿ ಕನಸು ಕಾಣುವಾಗ ಇದನ್ನು ಮರೆಯುತ್ತೇವೆ. ಹಾಗಾಗಿ "ಮುಂಚೆ ಏನು ಓದಿದ್ದೀಯಾ?" ಎಂದು ನಾನು ಎಲ್ಲರಿಗೂ ಮೊದಲು ಕೇಳುವುದು. ಎಂಬಿಬಿಎಸ್ ಆದರೆ ಎಂಪಿಎಚ್ ಮೆಟ್ಟಿಲಾಗುತ್ತದೆ. ಉಳಿದವರಿಗೆ ಅದೇ ಬಾಗಿಲು, ಒಳಗೆ ಹೋದ ಮೇಲೆ ದಾರಿ ನಾವೇ ಮಾಡಿಕೊಳ್ಳಬೇಕು.

ದಾರಿ ಮಾಡಿಕೊಂಡವರಲ್ಲಿ ಹೆಚ್ಚಿನವರು ಹೋಗಿರುವುದು ಸಂಘಸಂಸ್ಥೆಗಳಿಗೆ. ಈ ವಿಷಯದಲ್ಲಿ ಕರ್ನಾಟಕದ ನೆಲ ಗಟ್ಟಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಸೋಲಿಗರ ನಡುವೆ ವಿಜಿಕೆಕೆ ಎಂಬ ಸಂಸ್ಥೆ ಕಟ್ಟಿದರು. ಮುಂದೆ ಅವರ ಕರುಣಾ ಟ್ರಸ್ಟ್ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೇ ವಹಿಸಿಕೊಂಡು ನಡೆಸಿತು, ಮೊದಲನೆಯದು ಯಳಂದೂರು ತಾಲೂಕಿನ ಗುಂಬಳ್ಳಿಯದು. ಎಚ್.ಡಿ. ಕೋಟೆ ಕಡೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಬೆಂಗಳೂರಿನಲ್ಲಿ ಸಮುದಾಯ ಆರೋಗ್ಯದ ಫೆಲೋಶಿಪ್ ನಡೆಸಿ ಎಷ್ಟೋ ಜನರನ್ನು ಬೆಳೆಸಿದ ಸೋಚಾರ. ಎಚ್‌ಐವಿ ಕೆಲಸದಿಂದ ಬೆಳೆದು ಈಗ ಕ್ಷಯ, ತಾಯಿ-ಮಗುವಿನ ಆರೋಗ್ಯದ ಕಡೆಗೂ ಹರಡಿರುವ ಕೆಎಚ್‌ಪಿಟಿ. ಇಲ್ಲೆಲ್ಲ ಡಾಕ್ಟರೋ ಅಲ್ಲವೋ ಎನ್ನುವ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಹಳ್ಳಿಗೆ ಹೋಗಿ ಮಾತಾಡಲು ಬರುತ್ತಾ, ಬಂದು ಬರೆಯಲು ಬರುತ್ತಾ, ಅಷ್ಟು ನೋಡುತ್ತಾರೆ.

ಆದರೆ ಇಲ್ಲಿಯೂ ಹಣ ಪ್ರಾಜೆಕ್ಟಿನದು. ಮೂರು ವರ್ಷ, ಐದು ವರ್ಷ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. ಎಲ್ಲೋ ಮೇಲಿನ ವಾಲ್ವ್ ತಿರುಗಿಸಿದರೆ ಕೊನೆ ಮನೆಯ ಬಕೆಟ್ಟು ಖಾಲಿ, ಹಾಗೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಅಂಥ ಹಣದ ಕ್ಷಯರೋಗದ ಪ್ರಾಜೆಕ್ಟಿನಲ್ಲಿದ್ದಳು. ಸೋಮವಾರ ಫೀಲ್ಡ್ ಪ್ಲಾನ್ ಹಾಕಿದವಳಿಗೆ ಆ ವಾರವೇ ಕೆಲಸ ನಿಲ್ಲಿಸಿ ಎಂಬ ಮೇಲ್ ಬಂತು. ಅವಳು ಈಗ ಒಂದು ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿದ್ದಾಳೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಎಂದಿತಲ್ಲ, ಆ ಹಣ. "ಈಗ ನಾನು ಕೊಡೋ ಕಡೆ ಕೂತಿದ್ದೀನಿ ಕಣೇ" ಎಂದು ನಗುತ್ತಾಳೆ. ಅಲ್ಲಿಯ ತಲೆನೋವು ಬೇರೆ. ಕಂಪನಿಗೆ ಫೋಟೊಗೆ ಚೆನ್ನಾಗಿ ಕಾಣುವ ಕೆಲಸ ಬೇಕು. ಡಯಾಲಿಸಿಸ್ ಮೆಷಿನ್ ಕೊಡಿಸಿ ರಿಬ್ಬನ್ ಕತ್ತರಿಸಬಹುದು, ಆದರೆ ಚರಂಡಿ ಪೈಪಿಗೆ ಯಾರು ರಿಬ್ಬನ್ ಕಟ್ಟುತ್ತಾರೆ?

ನನಗೆ ಸದ್ಯ ಅನ್ನ ಹಾಕುತ್ತಿರುವುದು ಸಂಶೋಧನೆ. ಇದರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ, ಹೇಳಿಬಿಡುತ್ತೇನೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾದದ್ದು. ಆಗಿನ ಕಾಲದ ತಜ್ಞರು ಹಳ್ಳಿ ಜನಕ್ಕೆ ಅರಿವಿಲ್ಲ, ಕ್ಷಯ ಬಂದರೂ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ವ್ಯಾನು ತೆಗೆದುಕೊಂಡು ಹೋಗಿ ಹುಡುಕಬೇಕು ಎಂದು ನಂಬಿದ್ದರು. ಡಿ. ಬ್ಯಾನರ್ಜಿ ಎಂಬ, ಮಾನವಶಾಸ್ತ್ರವನ್ನೂ ಓದಿದ್ದ ಡಾಕ್ಟರು, ಸ್ಟಿಗ್ ಆಂಡರ್ಸನ್ ಜೊತೆ ಸೇರಿ ತುಮಕೂರು ಜಿಲ್ಲೆಯ ರೋಗಿಗಳನ್ನೇ ಕೇಳಿಸಿದರು. 1963ರಲ್ಲಿ ಅಚ್ಚಾದ ಆ ಅಧ್ಯಯನದಲ್ಲಿ ಕಂಡಿದ್ದು ಬೇರೆಯೇ. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು, ಅಷ್ಟೇ. ತಪ್ಪಿದ್ದು ಜನರದ್ದಲ್ಲ. ಕ್ಷಯದ ಪತ್ತೆ, ಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಮಾಡಬೇಕು ಎಂಬ ದಾರಿಗೆ ದೇಶ ಬರಲು ಈ ಕೆಲಸ ದೊಡ್ಡ ಆಧಾರವಾಯಿತು. ಹೋಗಿ ಕೇಳಿದ್ದು, ಲೆಕ್ಕ ಹಾಕಿದ್ದು. ನನ್ನ ನೀರಗಂಟಿಯ ಕಥೆಯಲ್ಲಿದ್ದದ್ದೂ ಅದೇ, ಅಲ್ವಾ?

ಮಲೆನಾಡಿನಲ್ಲಿ ಮಂಗನ ಕಾಯಿಲೆ ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಹಳದಿ ಜ್ವರ ದೇಶದೊಳಗೆ ಬಂತೇನೋ ಎಂದು ಹೆದರಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಇಷ್ಟು ವರ್ಷವಾದರೂ ಅದು ಹೋಗಿಲ್ಲ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಪಟ್ಟ ಪಾಡು ಮಲೆನಾಡಿನವರಿಗೆ ಗೊತ್ತು. ಅಲ್ಲಿ ವೈರಸ್ ಓದುವವರ ಜೊತೆ ಇನ್ನೊಂದು ತರಹದ ಕೆಲಸದವರೂ ಬೇಕು. ಸತ್ತ ಮಂಗದ ಸುದ್ದಿ ಅರಣ್ಯ, ಪಶುಸಂಗೋಪನೆ, ಆರೋಗ್ಯ ಮೂರೂ ಇಲಾಖೆಗೆ ಅದೇ ದಿನ ಮುಟ್ಟುತ್ತದಾ? ಉಣುಗು ಹತ್ತದಿರಲೆಂದು ಹಂಚಿದ ಡೇಪಾ ಎಣ್ಣೆಯನ್ನು ಜನ ಮೈಗೆ ಹಚ್ಚುತ್ತಿದ್ದಾರಾ, ಇಲ್ಲವಾದರೆ ಯಾಕಿಲ್ಲ? ತರಗೆಲೆ ತರಲು ಕಾಡಿಗೆ ಹೋಗಬೇಡಿ ಅಂದರೆ ಕೊಟ್ಟಿಗೆಗೆ ಏನು ಹಾಸುವುದು? ಈ ಪ್ರಶ್ನೆಗಳಿಗೆ ಮನೆ ಜಗಲಿಯಲ್ಲಿ ಕೂತೇ ಉತ್ತರ ಹುಡುಕಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಮಧ್ಯಾಹ್ನ ಸರ್ವೆಗೆ ಹೋದರೆ ಯಾರೂ ತಲೆ ಎತ್ತುವುದಿಲ್ಲ, ರಾತ್ರಿ ಚಪ್ಪರದಡಿ ಸುಲಿಯುತ್ತಾ ಕೂತಾಗ ಹೋಗಿ ಪಕ್ಕದಲ್ಲಿ ಕೂತರೆ ಬೇಕಾದ್ದಕ್ಕಿಂತ ಜಾಸ್ತಿಯೇ ಹೇಳುತ್ತಾರೆ. ದೆಹಲಿಯಿಂದ ಬಂದ ಎಷ್ಟೇ ಬುದ್ಧಿವಂತ ಸಂಶೋಧಕನಿಗೂ ಇಲ್ಲಿ ನಮ್ಮ ಊರಿನ ಹುಡುಗಿ ಬೇಕಾಗುತ್ತಾಳೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಇಂಗ್ಲಿಷ್ ಬರವಣಿಗೆಗೆ ಅಂಜಿ ಈ ಕಡೆ ಬರುವುದಿಲ್ಲ. ಬರವಣಿಗೆ ಕಲಿಯಬಹುದು. ಜಗಲಿಯ ಮೇಲೆ ಕೂರುವುದನ್ನು ಕಲಿಸುವುದು ಕಷ್ಟ.

ಖಾಸಗಿ ಕಂಪನಿಗಳ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಫಾರ್ಮಕೋವಿಜಿಲೆನ್ಸ್ ಅಂದರೆ ಔಷಧಿಗಳ ಅಡ್ಡಪರಿಣಾಮದ ವರದಿಗಳನ್ನು ಓದಿ ದಾಖಲಿಸುವುದು. ಕ್ಲಿನಿಕಲ್ ಟ್ರಯಲ್, ಮೆಡಿಕಲ್ ರೈಟಿಂಗ್, ಆರೋಗ್ಯ ವಿಮೆ, ಆಸ್ಪತ್ರೆಗಳ ಎನ್‌ಎಬಿಎಚ್ ಗುಣಮಟ್ಟದ ವಿಭಾಗ. ಬೆಂಗಳೂರಿನಲ್ಲಿ ಇವು ಸಾಕಷ್ಟಿವೆ. ಎಸಿ ರೂಮು, ತಿಂಗಳ ಕೊನೆಗೆ ಸರಿಯಾಗಿ ಸಂಬಳ, ಪಿಎಫ್. ಮನೆಯಲ್ಲಿ ಸಾಲ ಇರುವವರು ಮೊದಲು ಇಲ್ಲಿಗೆ ಹೋಗಿ ಅಂತ ನಾನೇ ಹೇಳುತ್ತೇನೆ. ಅದರಲ್ಲಿ ನಾಚಿಕೆ ಪಡುವುದೇನೂ ಇಲ್ಲ.

ವಿದೇಶದ ವಿಷಯವನ್ನೂ ಕೇಳುತ್ತಾರೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 1916ರಲ್ಲಿ ಇದಕ್ಕೆಂದೇ ಸ್ಕೂಲು ಸ್ಥಾಪಿಸಿದ ದೇಶ ಅಮೆರಿಕ. ಅಲ್ಲಿ ಕೌಂಟಿ, ರಾಜ್ಯದ ಆರೋಗ್ಯ ಇಲಾಖೆಗಳಲ್ಲಿ ಎಪಿಡೆಮಿಯಾಲಜಿಸ್ಟ್ ಎಂಬುದು ನಿಜವಾದ ಹುದ್ದೆ, ಡಾಕ್ಟರಾಗಿರಬೇಕಿಲ್ಲ. ಆದರೆ ಫೀಸು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ವೀಸಾದ ಚಿಂತೆ ಬೇರೆ. 2025ರಲ್ಲಿ ಅಲ್ಲಿಯ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲೇ ಸಾವಿರಾರು ಜನರನ್ನು ಮನೆಗೆ ಕಳಿಸಿದರು. ಸ್ಕಾಲರ್‌ಶಿಪ್ ಸಿಕ್ಕರೆ ಹೋಗಿ. ತೋಟ ಅಡವಿಟ್ಟು ಹೋಗುವ ಕಾಲ ಇದಲ್ಲ ಎಂಬುದು ನನ್ನ ಅಭಿಪ್ರಾಯ.

ಇಷ್ಟು ಹೇಳಿದ ಮೇಲೂ ಸೇರಬೇಕು ಅನಿಸಿದರೆ, ಎರಡು ವರ್ಷದಲ್ಲಿ ಕೈಗೆ ಹತ್ತಿಸಿಕೊಳ್ಳಬೇಕಾದ ಕೆಲವು ಕೆಲಸಗಳಿವೆ. ಎಕ್ಸೆಲ್ ಚೆನ್ನಾಗಿ ಬರಬೇಕು. ಅಂಕಿಅಂಶದ ಲೆಕ್ಕಕ್ಕೆ ಆರ್ ಅಥವಾ ಸ್ಟಾಟಾ, ಯಾವುದಾದರೂ ಒಂದು ಸಾಫ್ಟ್‌ವೇರ್. ಮ್ಯಾಪ್ ಮಾಡಲು ಕ್ಯೂಜಿಐಎಸ್, ಮೊಬೈಲಿನಲ್ಲಿ ಸರ್ವೆ ಮಾಡಲು ಕೋಬೊ. ಎರಡು ಪುಟದ ವರದಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಲು ಬರಬೇಕು. ಜಿಲ್ಲಾ ಪಂಚಾಯಿತಿ ಮೀಟಿಂಗಿನಲ್ಲಿ ಓದುವುದು ಕನ್ನಡದ್ದನ್ನೇ. ಸ್ಕೂಟರ್ ಓಡಿಸಲು ಬರದಿದ್ದರೆ ಕಲಿತುಕೊಳ್ಳಿ, ಇದು ತಮಾಷೆಯಲ್ಲ. ಇಲಾಖೆಯ ಜೀಪು ನಿಮಗೆ ಬೇಕಾದ ದಿನ ಬೇರೆ ಯಾರಿಗೋ ಬೇಕಾಗಿರುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಇಂಟರ್ನ್‌ಶಿಪ್‌ಗೆ ಎಲ್ಲಿ ಕಳಿಸುತ್ತಾರೆ, ತಿಂಗಳುಗಟ್ಟಲೆ ಕಳಿಸುತ್ತಾರಾ ಅಥವಾ ವಾರದ ಪ್ರವಾಸವಾ ಎಂದು ಕೇಳಿ. ಎಂಬಿಬಿಎಸ್ ಅಲ್ಲದ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ಬಿಡಿಸಿ ಕೇಳಿ. ಬ್ರೋಷರ್‌ನಲ್ಲಿ ಫೋಟೊ ಇರುವ ಇಬ್ಬರು ಡಾಕ್ಟರು ಬೇಡ. ನಿಮ್ಮದೇ ಡಿಗ್ರಿ ಮಾಡಿ ಬಂದು, ಮುಗಿಸಿ ಎರಡು ಮೂರು ವರ್ಷ ಆದ ಒಬ್ಬರ ನಂಬರ್ ಕೊಡಿ ಎನ್ನಿ. ಕೊಟ್ಟರೆ ಅವರಿಗೆ ಸಂಜೆ ಹೊತ್ತು ಫೋನ್ ಮಾಡಿ. ಹಗಲು ಮಾಡಿದರೆ ಫೀಲ್ಡಿನಲ್ಲಿರುತ್ತಾರೆ, ಸಿಗ್ನಲ್ ಇರುವುದಿಲ್ಲ.